ಗೊಮ್ಮಟನ ನೆರಳಿನ ಊರು

ಉಡುಪಿಯಿಂದ ಹೊರಟ ಬಸ್ಸು ಕಾರ್ಕಳವನ್ನು ಸಮೀಪಿಸಿತೆಂಬುದಕ್ಕೆ ಗೊಮ್ಮಟನೇ ಗುರುತು. ಬೋಳುಬಂಡೆಯ ಗುಡ್ಡದ ಮೇಲೆ, 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಸುಮಾರು 42 ಅಡಿಗಳ ಏಕಶಿಲಾಮೂರ್ತಿಯದು. ಮೆಟ್ಟಿಲುಗಳನ್ನೇರಿ ನಿಂತವನ ಕಣ್ಣೆದುರಿಗೆ ಊರೆಲ್ಲ ಹರಡಿಕೊಳ್ಳುತ್ತದೆ: ಹೆಂಚಿನ ಮಾಡುಗಳು, ಆನೆಕೆರೆಯ ನೀರು, ಸಮೀಪದ ದಿಬ್ಬದ ಮೇಲೆ 1586ರ ಚತುರ್ಮುಖ ಬಸದಿ, ಮೂಡಲಲ್ಲಿ ಘಟ್ಟಗಳ ಮಾಸಲು ನೀಲಿ. ಪಡುತಿರುಪತಿಯೆಂದು ಹೆಸರಾದ ವೆಂಕಟರಮಣ ದೇವಾಲಯವೂ ಇಲ್ಲಿಯದೇ. ಕಲ್ಲೂ ಕಥೆಯೂ ಬೇರ್ಪಡದ ಊರು ಇದು.

1929ರ ಸೆಪ್ಟೆಂಬರ್ 17ರಂದು ಅನಂತ ಪೈ ಹುಟ್ಟಿದ್ದು ಇಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ತಾಯಿತಂದೆಯರಿಬ್ಬರನ್ನೂ ಕಳೆದುಕೊಂಡ ಕೂಸು, ಹನ್ನೆರಡನೆಯ ವಯಸ್ಸಿಗೆ ಮುಂಬಯಿಯ ಪಾಲಾಯಿತು. ಓದಿದ್ದು ವಿಜ್ಞಾನ, ಮನಸ್ಸು ಮಾತ್ರ ಅಚ್ಚುಕೂಟದ ಕಡೆಗೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು ಇಂದ್ರಜಾಲ ಕಾಮಿಕ್ಸ್ ಆರಂಭಿಸಿದಾಗ ಅದರಲ್ಲಿ ಅವರ ಕೈಯಿತ್ತು. ಆ ಪುಟಗಳ ನಾಯಕನೋ, ಮುಖವಾಡ ತೊಟ್ಟು ಕಾಡಿನಲ್ಲಲೆಯುವ ಫ್ಯಾಂಟಮ್!

1967ರ ಫೆಬ್ರವರಿಯಲ್ಲಿ ದೆಹಲಿಯ ಅಂಗಡಿಯೊಂದರ ದೂರದರ್ಶನದಲ್ಲಿ ಮಕ್ಕಳ ರಸಪ್ರಶ್ನೆ ನಡೆದಿತ್ತು. ಗ್ರೀಕರ ದೇವತೆಗಳ ವಿಷಯ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯಲಿಲ್ಲ. ನೋಡುತ್ತ ನಿಂತಿದ್ದ ಪೈಯವರು ಅದನ್ನು ಮರೆಯಲಿಲ್ಲ. ಕೌಸಲ್ಯೆಯ ಹೆಸರು ಅಜ್ಜಿಯ ಮಡಿಲಿನಲ್ಲಿ ಕಿವಿಗೆ ಬೀಳಬೇಕಾದದ್ದು. ಪೇಟೆಯ ಪುಟ್ಟ ಮನೆಗಳಲ್ಲಿ ಅಜ್ಜಿಗೇ ಸ್ಥಳವಿಲ್ಲದಿದ್ದರೆ ಮಗು ಯಾರನ್ನು ಕೇಳಬೇಕು?

ಅಮರ ಚಿತ್ರಕಥೆ ಹುಟ್ಟಿದ್ದು ಹೀಗೆ. ಆದರೆ ಮಾಲಿಕೆಯ ಮೊದಲ ಭಾರತೀಯ ಕಥೆಯಾದ ‘ಕೃಷ್ಣ’ನ ಸಂಖ್ಯೆ 11. ಅವನಿಗಿಂತ ಮೊದಲಿನ ಹತ್ತೂ ಪಶ್ಚಿಮದ ಮಕ್ಕಳ ಕಥೆಗಳು! ‘ಕೃಷ್ಣ’ನ ಮಾತುಗಳನ್ನು ಪೈಯವರೇ ಬರೆದರು, ಚಿತ್ರಗಳು ರಾಮ್ ವಾಯೀರ್ಕರರವು. 1980ರಲ್ಲಿ ‘ಟಿಂಕಲ್’ ಬಂದಿತು. ದೇಶದ ಮೂಲೆಮೂಲೆಗಳಿಂದ ‘ಅಂಕಲ್ ಪೈ’ಗೆ ಮಕ್ಕಳ ಓಲೆಗಳು ಬರತೊಡಗಿದವು. ತಾಯಿತಂದೆಯರ ಮುಖ ನೆನಪಿರಲಾರದ ಬಾಲಕ ಊರಿಗೆಲ್ಲ ಮಾವನಾದ.

ದೇವತೆಗಳಿಗೆ ಬಿಳುಪು, ರಾಕ್ಷಸರಿಗೆ ಕಪ್ಪು ಬಳಿದರೆಂಬ ಆಕ್ಷೇಪಣೆಯೂ ಆ ಪುಟಗಳ ಮೇಲುಂಟು. ಅದು ಸುಳ್ಳಲ್ಲ, ಎಳೆಯ ಕಣ್ಣುಗಳು ಬಣ್ಣವನ್ನು ಬೇಗ ನಂಬುತ್ತವೆ.

2011ರ ಫೆಬ್ರವರಿ 24ರಂದು ಪೈಯವರು ಮುಂಬಯಿಯಲ್ಲಿ ತೀರಿಕೊಂಡರು. ಅವರ ಮಾಲಿಕೆಯಲ್ಲಿ ಬಾಹುಬಲಿಯ ಕಥೆಯೂ ಬಂದಿದೆ: ಅಣ್ಣ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಗೆದ್ದ ಮೇಲೆ ರಾಜ್ಯವನ್ನು ಬಿಟ್ಟು ಹೊರಟ ತಮ್ಮ. ಪುಸ್ತಕದಲ್ಲಿ ಅವನು ಅಂಗೈಯಗಲದ ಚೌಕದೊಳಗೆ ನಿಲ್ಲುತ್ತಾನೆ. ಕಾರ್ಕಳದ ಗುಡ್ಡವನ್ನು ಏದುಸಿರಿನಿಂದ ಏರಿ ಬಂದ ಮಗುವಿಗೆ ಅವನ ಮುಖ ಕಾಣಬೇಕಾದರೆ ಕತ್ತನ್ನು ಹಿಂದಕ್ಕೆ ಬಾಗಿಸಲೇಬೇಕು.