ಅವರವರ ದನಿ

ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಕೊಟ್ಟ ಗ್ರಾಮಫೋನ್ ಮುದ್ರಿಕೆಗಳನ್ನು ಈಗ ಕೇಳಿದರೆ, ಅವರ ಹಾಡು ಚೆನ್ನಾಗಿ ಬಲ್ಲವರಿಗೂ ಗುರುತು ಸಿಗುವುದು ಕಷ್ಟ. ತೆಳ್ಳನೆಯ, ಏರು ಶ್ರುತಿಯ ದನಿ. ಗಾಯಕಿಯ ದನಿ ಹೀಗಿರಬೇಕು ಎಂದು ಆ ಕಾಲದ ರಸಿಕರು ಬಯಸುತ್ತಿದ್ದಂಥದೇ. ಮುದ್ರಿಕೆಯ ಮೇಲಿನ ಹೆಸರೂ ಗಾಂಧಾರಿ ಎಂದು ಅಚ್ಚಾಗಿತ್ತು. ಮುಂದೆ ಗಂಟಲಿಗೆ ತೊಂದರೆ ಬಂತು, ಚಿಕಿತ್ಸೆಯಾಯಿತು, ದನಿ ಇಳಿಯಿತು. ಎಷ್ಟು ಇಳಿಯಿತೆಂದರೆ, ರೇಡಿಯೊದಲ್ಲಿ ಹೆಸರು ಹೇಳಿದ್ದನ್ನು ತಪ್ಪಿಸಿಕೊಂಡವರು ಹಾಡುತ್ತಿರುವುದು ಗಂಡಸೆಂದೇ ತಿಳಿಯುತ್ತಿದ್ದರು.

ಹಾಡಿಯೇ ಮನೆ ನಡೆಸಬೇಕಾಗಿದ್ದ ಹೆಣ್ಣುಮಗಳಿಗೆ ಇದು ಸಣ್ಣ ಪೆಟ್ಟಲ್ಲ. ಮಂದಿಗೆ ಬೇಕಾಗಿದ್ದ ದನಿಯೇ ಹೋದ ಮೇಲೆ ಮಂದಿಯ ಎದುರು ಕೂತು ಹಾಡುವುದು ಹೇಗೆ? ಗಂಗೂಬಾಯಿ ಇಳಿದ ದನಿಯನ್ನು ಹಳೆಯ ಎತ್ತರಕ್ಕೆ ಏರಿಸಲು ಹೆಣಗಲಿಲ್ಲ. ಮೊದಲಿಗೆ ಹಾಡುತ್ತಿದ್ದ ಠುಮರಿ, ಭಜನೆಗಳನ್ನು ಬರಬರುತ್ತ ಬಿಟ್ಟರು. ಯಾರಾದರೂ ಕೇಳಿದರೆ, ತಾನು ರಾಗವನ್ನಷ್ಟೇ ಹಾಡುವವಳು ಎನ್ನುತ್ತಿದ್ದರು. ಆ ತೂಕದ, ನೇರವಾದ ದನಿಯಲ್ಲಿ ಒಂದು ರಾಗ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದನ್ನು ಒಮ್ಮೆ ಕೇಳಿದವರಿಗೆ, ಈ ರಾಗ ಇನ್ನೊಂದು ದನಿಯಲ್ಲಿ ಇರಬಹುದಿತ್ತು ಎಂಬ ಯೋಚನೆಯೇ ಬರುವುದಿಲ್ಲ.

ನಾನು ಇದನ್ನು ಸಂಗೀತದ ಮಾತಾಗಿ ಮಾತ್ರ ಹೇಳುತ್ತಿಲ್ಲ. ಧಾರವಾಡದ ಸಪ್ತಾಪುರದ ಕಡೆ ಸಂಜೆ ನಡೆದುಹೋದರೆ ಬ್ಯಾಗು ಹೆಗಲಿಗೇರಿಸಿದ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಎದುರಾಗುತ್ತಾರೆ. ಕೋಚಿಂಗ್ ಸೆಂಟರುಗಳ ಬೋರ್ಡು, ಪಿ.ಜಿ.ಗಳ ಬೋರ್ಡು, ಓದುವ ಕೋಣೆಗಳ ಬೋರ್ಡು. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಎಂದು ವರ್ಷಗಟ್ಟಲೆ ಓದುವವರು ಇಲ್ಲಿದ್ದಾರೆ. ಅವರ ಅಪ್ಪ ಅವ್ವ ನಮ್ಮಂಥವರನ್ನು ಹಿಡಿದು ನಿಲ್ಲಿಸಿ, “ನೀವರ ಒಂದಿಷ್ಟು ಬುದ್ಧಿ ಹೇಳ್ರಿ ಸರ, ಅಂವಾ ಓದೂದು ಬಿಟ್ಟು ಏನೇನೋ ಮಾಡಾಕ ಹೊಂಟಾನ, ನಾಳೆ ಮಂದಿ ಏನಂದಾರು?” ಎನ್ನುತ್ತಾರೆ. ಆ ‘ಏನೇನೋ’ ಎಂಬುದರಲ್ಲಿ ಒಬ್ಬನಿಗೆ ನಾಟಕ ಇರುತ್ತದೆ, ಇನ್ನೊಬ್ಬಳಿಗೆ ಹಕ್ಕಿಗಳ ಫೋಟೊ, ಮತ್ತೊಬ್ಬನಿಗೆ ಅಪ್ಪನ ಹೊಲಕ್ಕೇ ಮರಳಿ ಹೋಗುವ ಆಸೆ.

ಸರ್ಕಾರಿ ನೌಕರಿಗೆ ಓದುವವರನ್ನು ಹಿಂಡಿನ ಜೊತೆ ಹೋಗುವವರೆಂದು ಹಗುರವಾಗಿ ಆಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮಳೆ ನಂಬಿದ ಎರಡೆಕರೆ ಜಮೀನಿನ ಮನೆಯಿಂದ ಬಂದ ಹುಡುಗನಿಗೆ ತಿಂಗಳ ಸಂಬಳ ಎಂದರೆ ತಂಗಿಯ ಮದುವೆ, ಅಪ್ಪನ ಸಾಲ, ಅವ್ವನ ಔಷಧಿ. ಅವನಿಗೆ ಹೋಗಿ ‘ನಿನ್ನತನ ಹುಡುಕಿಕೋ’ ಎಂದು ಉಪದೇಶ ಮಾಡುವುದು ಕ್ರೂರ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಅನ್ನಕ್ಕೆ ತೊಂದರೆಯೇ ಇಲ್ಲದ ಮನೆಗಳಲ್ಲೂ, ನೌಕರಿ ಹಿಡಿದು ನೆಲೆನಿಂತವರಲ್ಲೂ, ಬದುಕಿನ ಪ್ರತಿಯೊಂದು ತೀರ್ಮಾನ ಮಂದಿಯ ಕಣ್ಣಿನಿಂದಲೇ ಆಗುತ್ತಿದೆಯಲ್ಲ, ಅದಕ್ಕೆ. ಮನೆ ಕಟ್ಟುವುದು, ಮಗುವನ್ನು ಯಾವ ಸಾಲಿಗೆ ಹಾಕುವುದು, ಮದುವೆಗೆ ಎಷ್ಟು ಮಂದಿಯನ್ನು ಕರೆಯುವುದು, ರಜೆ ಸಿಕ್ಕರೆ ಎಲ್ಲಿಗೆ ಹೋಗುವುದು, ಎಲ್ಲವನ್ನೂ ಪಕ್ಕದವರು ಆಗಲೇ ತೀರ್ಮಾನಿಸಿ ಇಟ್ಟಂತಿದೆ.

ಇದಕ್ಕೆ ಉತ್ತರವಾಗಿ ಈಗ ಎಲ್ಲೆಡೆ ಕೇಳಿಬರುವ ಮಾತು ‘ಬೇರೆಯಾಗಿರು’ ಎಂಬುದು. ನನಗೆ ಇದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಎಲ್ಲರಂತಾಗಬೇಕು ಎನ್ನುವವನು ಎಲ್ಲರನ್ನೂ ನೋಡುತ್ತಿರುತ್ತಾನೆ. ಯಾರಂತೆಯೂ ಆಗಬಾರದು ಎನ್ನುವವನೂ ಎಲ್ಲರನ್ನೇ ನೋಡುತ್ತಿರುತ್ತಾನೆ. ಇಬ್ಬರ ಕಣ್ಣೂ ಕೆಲಸದ ಮೇಲಿಲ್ಲ. ಗಂಗೂಬಾಯಿಯವರಂಥ ನಮ್ಮ ಕಡೆಯ ಹಾಡುಗಾರರ ಬದುಕನ್ನು ಮತ್ತೆ ಮತ್ತೆ ನೆನೆಯುವುದು ನಾನು ಇದಕ್ಕೇ. ಅವರಲ್ಲಿ ಬಹಳ ಜನ ಬೇರೆಯಾಗಬೇಕೆಂದು ಹೊರಟವರಲ್ಲ. ಒಂದು ಕೆಲಸಕ್ಕೆ ತಲೆಬಾಗಿದವರು.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಸಾಲಿ ಕಲಿತದ್ದು ಐದನೆಯ ಇಯತ್ತೆಯವರೆಗೆ. ಹಾಡುವ ಮನೆತನದ ಹುಡುಗಿ ಎಂಬ ಕಾರಣಕ್ಕೆ ಓಣಿಯಲ್ಲಿ ನಡೆದುಹೋಗುವಾಗ ‘ಗಾನೇವಾಲಿ’ ಎಂದು ಹೀಯಾಳಿಸುವವರಿದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಈಕೆಯೂ ಒಬ್ಬಳು. ಆ ದಿನದ ನೆನಪಿನಲ್ಲಿ ಹಾಡಿನ ಸಂಭ್ರಮದ ಜೊತೆಗೆ ಒಂದು ಭಯವೂ ಉಳಿದುಬಿಟ್ಟಿತ್ತು: ಊಟದ ಹೊತ್ತಿಗೆ ಜಾತಿಯ ಕಾರಣಕ್ಕೆ ತನಗೆ ಎಂಜಲೆಲೆ ಎತ್ತಲು ಹೇಳಿದರೆ? ಹನ್ನೊಂದು ವರ್ಷದ ಮಗುವಿನ ಮನಸ್ಸಿನಲ್ಲಿ ಇದು ಇತ್ತು. ಸಮಾಜ ಆಕೆಯನ್ನು ಮೊದಲೇ ಬೇರೆ ಕೂರಿಸಿತ್ತು. ಬೇರೆಯಾಗಿರುವುದು ಆಕೆಗೆ ಸಾಧನೆಯಾಗಿರಲಿಲ್ಲ, ಗಾಯವಾಗಿತ್ತು.

ಆ ಗಾಯಕ್ಕೆ ಆಕೆ ಎದುರಿಟ್ಟದ್ದು ರಿಯಾಜನ್ನು. 1928ರ ಹೊತ್ತಿಗೆ ಮನೆ ಹುಬ್ಬಳ್ಳಿಗೆ ಬಂದಿತ್ತು. ಮುಂದೆ ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರರು, ನಾಟಕ ಕಂಪನಿಗಳ ಓಡಾಟ ಮುಗಿಸಿ ತಮ್ಮ ಊರು ಕುಂದಗೋಳಕ್ಕೆ ಮರಳಿ ನೆಲೆಸಿದ ಮೇಲೆ, ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಮರಳುತ್ತಿದ್ದರು. ಸಂಸಾರಸ್ಥ ಹೆಂಗಸು ಹಾಡು ಕಲಿಯಲು ದಿನವೂ ಹೀಗೆ ಓಡಾಡುವುದನ್ನು ಆಗಿನ ಹುಬ್ಬಳ್ಳಿ ಸುಮ್ಮನೆ ನೋಡಿತ್ತು ಎಂದು ನಂಬುವುದು ಕಷ್ಟ. ಗುರುಗಳು ಒಂದೇ ಪಲುಕನ್ನು ಸರಿಬರುವವರೆಗೆ ಹಾಡಿಸುತ್ತಿದ್ದರು. ಹತ್ತಾರು ರಾಗ ಕೊಡುವ ಆತುರ ಅವರಿಗಿರಲಿಲ್ಲ. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರವನ್ನು ಒಂದೊಂದಾಗಿ ಬಿಚ್ಚಬೇಕೆಂದು ಗುರು ಕಲಿಸಿದರು ಎಂದು ಗಂಗೂಬಾಯಿ ಹೇಳುತ್ತಿದ್ದರು. ತನ್ನದೇ ದಾರಿ ಎಂದು ಅವರು ಹೊಸದನ್ನೇನೂ ಸಾರಲಿಲ್ಲ. ಗುರುಗಳ ಪರಂಪರೆಯಾದ ಕಿರಾನಾ ಘರಾನೆಯ ಕಟ್ಟಳೆಯನ್ನು ಕೊನೆಯವರೆಗೆ ಮೀರಲಿಲ್ಲ. ಆದರೂ ಒಂದು ಆಲಾಪ ಕೇಳಿದೊಡನೆ ಇದು ಗಂಗೂಬಾಯಿ ಎಂದು ಹೇಳಬಹುದು.

ಅದೇ ಕುಂದಗೋಳದ ಮನೆಯಲ್ಲಿ ನೀರು ಸೇದುತ್ತ, ಗುರುಸೇವೆ ಮಾಡುತ್ತ ಕಲಿಯುತ್ತಿದ್ದ ಇನ್ನೊಬ್ಬ ಹುಡುಗ ಭೀಮಸೇನ ಜೋಶಿ. ಗದಗಿನ ಮನೆ ಬಿಟ್ಟು 1933ರಲ್ಲಿ ಓಡಿಹೋದಾಗ ಅವರಿಗೆ ಹನ್ನೊಂದು ವರ್ಷ. ಅಬ್ದುಲ್ ಕರೀಂ ಖಾನರ ಒಂದು ಮುದ್ರಿಕೆ ಕಿವಿಗೆ ಬಿದ್ದದ್ದೇ, ಹಾಗೆ ಹಾಡಬೇಕೆಂಬ ಹಂಬಲ. ಟಿಕೇಟಿಲ್ಲದೆ ರೈಲು ಹತ್ತಿ, ರೈಲಿನಲ್ಲೇ ಹಾಡಿ ಹೊಟ್ಟೆ ಹೊರೆದು, ಗ್ವಾಲಿಯರ್, ಜಲಂಧರ್ ಎಂದು ಗುರುವಿಗಾಗಿ ಅಲೆದರು. ಕೊನೆಗೆ ಜಲಂಧರಿನಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಮಗ್ಗುಲಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ, ಇಲ್ಲಿಗೇಕೆ ಬಂದೆ ಎಂದು ಹಿಂದಕ್ಕೆ ಕಳಿಸಿದರು. ಅಷ್ಟು ದೂರ ಹೋಗಿದ್ದು ವ್ಯರ್ಥವಾಯಿತು ಎಂದು ನಾನು ಹೇಳಲಾರೆ. ಮನೆಯ ಹತ್ತಿರ ಇದ್ದದ್ದನ್ನು ಕಾಣುವ ಕಣ್ಣು ಕೆಲವರಿಗೆ ಅಲೆದಾಟದಿಂದಲೇ ಬರುತ್ತದೆ.

ಮುಂಬಯಿಯ ಪಾರಸಿ ಮನೆತನದ ಫಿರೋಜ್ ದಸ್ತೂರರೂ ಇದೇ ಸವಾಯಿ ಗಂಧರ್ವರ ಶಿಷ್ಯರು. ಗಂಗೂಬಾಯಿ, ಭೀಮಸೇನ, ದಸ್ತೂರ್, ಮೂವರಿಗೂ ಪಾಠ ಒಂದೇ ಬೇರಿನದು. ಮೂವರ ಹಾಡು ಮೂರು ಥರ. ಭೀಮಸೇನರದು ಸಭೆಯನ್ನೇ ಎತ್ತಿ ಒಯ್ಯುವ ಗುಡುಗು. ದಸ್ತೂರರದು ಅಬ್ದುಲ್ ಕರೀಂ ಖಾನರ ನೆನಪು ತರುವ ಮೃದು ಮಾಧುರ್ಯ. ಗಂಗೂಬಾಯಿಯವರದು ನಿಂತ ನೆಲ ಬಿಡದ ಗಾಂಭೀರ್ಯ. ಬೇರೆಯಾಗಿ ಹಾಡಿ ಎಂದು ಗುರು ಅವರಿಗೆ ಹೇಳಿರಲಿಲ್ಲ. ಒಂದೇ ಕೆಲಸವನ್ನು ಪ್ರಾಮಾಣಿಕವಾಗಿ ಬಹುಕಾಲ ಮಾಡಿದರೆ ಮಾಡುವವರ ಮೈಯೂ ಮನಸ್ಸೂ ಅದರೊಳಗೆ ಇಳಿಯುತ್ತವೆ. ನಮ್ಮತನ ಎನ್ನುವುದು ಹೀಗೆ, ಕೆಲಸದ ಹಿಂದಿನಿಂದ ಬರುತ್ತದೆ ಎಂದು ನಾನು ನಂಬಿದ್ದೇನೆ.

ಎಲ್ಲರದೂ ಇದೇ ದಾರಿಯಾಗಬೇಕಿಲ್ಲ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ, ಎಳೆಯ ವಯಸ್ಸಿನಲ್ಲೇ ದೊಡ್ಡ ದೊಡ್ಡ ಗಾಯಕರ ಮುದ್ರಿಕೆಗಳನ್ನು ಕೇಳಿ ಹಾಗೆಹಾಗೇ ಹಾಡಿ ತೋರಿಸುತ್ತಿದ್ದ. ಸಭೆಗಳು ಬೆರಗಾದವು, ಕುಮಾರ ಗಂಧರ್ವ ಎಂಬ ಹೆಸರೂ ಬಂತು. ಇನ್ನೊಬ್ಬರಂತೆ ಹಾಡಿದ್ದಕ್ಕೆ ಇಷ್ಟು ಚಪ್ಪಾಳೆ ಬಿದ್ದ ಮೇಲೆ ಬಹಳ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಕುಮಾರರು ನಿಲ್ಲಲಿಲ್ಲ. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಅವರ ಕಲಿಕೆ ಸಾಗಿತು. ನಂತರ ಕ್ಷಯ ಬಂತು. 1948ರಲ್ಲಿ ಒಣಹವೆಗಾಗಿ ಮಾಳವದ ದೇವಾಸಕ್ಕೆ ಹೋದರು. ಒಂದು ಪುಪ್ಪುಸ ಕೆಟ್ಟಿತು. ಹಾಡಬಾರದೆಂದು ವೈದ್ಯರು ತಾಕೀತು ಮಾಡಿದರು. ಹಾಸಿಗೆಯಲ್ಲಿ ಮಲಗಿದ್ದ ಆ ವರ್ಷಗಳಲ್ಲಿ ಸುತ್ತಲಿನ ಹಳ್ಳಿಗರ ಹಾಡುಗಳು ಕಿವಿಗೆ ಬೀಳುತ್ತಿದ್ದವು. 1953ರಲ್ಲಿ ಮರಳಿ ವೇದಿಕೆಗೆ ಬಂದಾಗ ಕೇಳಿಸಿದ್ದು ಯಾರ ಅನುಕರಣೆಯೂ ಅಲ್ಲ. ಚಿಕ್ಕ ಚಿಕ್ಕ ಪಲುಕುಗಳು, ಥಟ್ಟನೆ ಮಿಂಚುವ ತಾರಸ್ವರ, ಮಾಳವದ ಮಣ್ಣಿನ ವಾಸನೆ. ಅವರನ್ನು ಘರಾನೆ ಕೆಡಿಸಿದವರೆಂದು ಬೈದವರೂ ಇದ್ದರು. ಗಂಗೂಬಾಯಿ ಕಟ್ಟಳೆಯೊಳಗೆ ನಿಂತು ತಮ್ಮವರಾದರು, ಕುಮಾರರು ಕಟ್ಟಳೆ ದಾಟಿ ತಮ್ಮವರಾದರು. ಯಾವುದು ಸರಿ ಎಂಬ ವಾದ ನನಗೆ ಬೇಡವಾದದ್ದು. ಇಬ್ಬರೂ ತಮಗೆ ದಕ್ಕಿದ ದೇಹವನ್ನು, ಅದರ ಕೊರತೆಯೊಡನೆ, ಒಪ್ಪಿಕೊಂಡು ಕೆಲಸ ಮಾಡಿದರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇವರೆಲ್ಲ ದೊಡ್ಡವರು, ನಮ್ಮಂಥವರ ಮಾತೇನು ಎಂದು ಕೇಳುವವರಿಗೆ ನಾನು ಒಬ್ಬ ಕನ್ನಡ ಸಾಲಿ ಮಾಸ್ತರರ ಬಗ್ಗೆ ಹೇಳುತ್ತೇನೆ. ಅವರು ಕೆಲಸ ಮಾಡಿದ ಊರುಗಳಲ್ಲೆಲ್ಲ ಹೊಲಗಳ ಹೆಸರು ಬರೆದಿಟ್ಟುಕೊಂಡಿದ್ದಾರೆ. ನಮ್ಮ ಕಡೆ ಹೊಲಗಳಿಗೆ ಸರ್ವೆ ನಂಬರಿನ ಆಚೆ ಹೆಸರುಗಳಿರುತ್ತವೆ: ಹಳ್ಳದ ಪಟ್ಟಿ, ಬನ್ನಿಗಿಡದ ಹೊಲ, ಗುಡಿ ಹಿಂದಿನ ಹೊಲ. ಯಾವ ಹೆಸರು ಯಾಕೆ ಬಂತು, ಅಲ್ಲಿ ಮೊದಲು ಏನು ಬೆಳೆಯುತ್ತಿತ್ತು ಎಂದು ಮುದುಕರನ್ನು ಕೇಳಿ, ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾರೆ. ಸಾಲಿಯ ಕೆಲಸದಲ್ಲಿ ಒಂದು ದಿನವೂ ಕೊರತೆ ಮಾಡಿದವರಲ್ಲ. “ಇದರಿಂದ ನಿಮಗೇನ್ ಸಿಗತೈತ್ರಿ ಮಾಸ್ತರ?” ಎಂದು ಕೇಳದವರಿಲ್ಲ. ಅವರು ನಕ್ಕು, “ಹೆಸರು ಸಿಗತಾವ್ರೀ” ಎನ್ನುತ್ತಾರೆ. ಜಮೀನು ಪ್ಲಾಟಾಗಿ, ಪ್ಲಾಟು ಲೇಔಟಾಗಿ ಹೋದ ಊರುಗಳ ಹೊಲಗಳು ಈಗ ಉಳಿದಿರುವುದು ಅವರ ನೋಟುಬುಕ್ಕಿನಲ್ಲಿ ಮಾತ್ರ. ಈ ಮನುಷ್ಯ ಸಮಾಜದ ವಿರುದ್ಧ ಹೋದವರಲ್ಲ. ಸಂಬಳ, ಸಂಸಾರ, ಊರಿನ ಜಾತ್ರೆ, ಎಲ್ಲದರಲ್ಲೂ ಇದ್ದಾರೆ. ಆದರೆ ಅವರ ದಿನದ ಒಂದು ತಾಸಿನ ಮೇಲೆ ಮಂದಿಗೆ ಅಧಿಕಾರವಿಲ್ಲ. ಆ ಒಂದು ತಾಸು ಇದ್ದವರ ಮುಖದಲ್ಲಿ ಬೇರೆಯೇ ನೆಮ್ಮದಿ ಇರುತ್ತದೆ. ನಿವೃತ್ತಿಯ ಮರುದಿನ ಏನು ಮಾಡಲಿ ಎಂದು ಅವರು ಯಾರನ್ನೂ ಕೇಳುವುದಿಲ್ಲ.

ಹುಡುಗರಿಗೆ ನಾನು ಹೇಳುವುದೂ ಇಷ್ಟೇ. ನೌಕರಿಗೆ ಓದು, ಮನೆಗೆ ಅನ್ನ ತಾ, ಅದರಲ್ಲಿ ನಾಚಿಕೆಯಿಲ್ಲ. ಗಂಗೂಬಾಯಿಯವರೂ ಮನೆಯ ಹೊಟ್ಟೆ ತುಂಬಿಸಲು ಹಾಡಿದವರೇ. ಆದರೆ ನಿನಗೆ ಯಾರೂ ಹೇಳದೆ ನೀನು ಮಾಡುವ ಒಂದು ಕೆಲಸ ಇದೆಯಲ್ಲ, ಅದನ್ನು ಬಿಡಬೇಡ. ಅದಕ್ಕೆ ಒಬ್ಬ ಗುರುವನ್ನು ಹುಡುಕು. ಗುರು ಸಿಗದಿದ್ದರೆ ಒಂದು ಶಿಸ್ತನ್ನು ಹಾಕಿಕೋ. ಒಂದೇ ವರ್ಷದಲ್ಲಿ ಹೊಗಳಿಕೆ ಬರಲಿಲ್ಲವೆಂದು ಕೈಬಿಡಬೇಡ. ನಿನ್ನ ದನಿ ಒರಟಾಗಿದೆ ಎಂದು ಮಂದಿ ಹೇಳಿದರೆ, ಆ ಒರಟು ದನಿಯಲ್ಲೇ ಹಾಡಲು ಬರುವ ರಾಗ ಯಾವುದೆಂದು ನೋಡು.

ಅಪ್ಪ ಅವ್ವಂದಿರಿಗೆ ಹೇಳಬೇಕಾದದ್ದು ಹೆಚ್ಚಿದೆ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಮಗಳ ಒಲವು ಹಿಂದುಸ್ತಾನಿ ಕಡೆಗಿದೆ ಎಂದು ಕಂಡಾಗ, ತನ್ನ ಹಾಡಿನ ಛಾಯೆ ಮಗಳ ಕಲಿಕೆಯ ಮೇಲೆ ಬೀಳಬಾರದೆಂದು ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದರು. ಜೀವನವಿಡೀ ಗಳಿಸಿದ ವಿದ್ಯೆಯನ್ನು ಮಗಳ ದಾರಿಗಾಗಿ ಮುಚ್ಚಿಟ್ಟರು. 1932ರಲ್ಲಿ ತೀರಿಕೊಂಡ ಅವರಿಗೆ ಮಗಳ ಹೆಸರು ದೇಶ ತುಂಬಿದ್ದನ್ನು ನೋಡುವ ಭಾಗ್ಯ ಇರಲಿಲ್ಲ. ಮುಂದೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಈಗ ಗಂಗೂಬಾಯಿಯವರ ಹೆಸರೇ ಇದೆ.

ಅಂಬಾಬಾಯಿಯಷ್ಟು ದೊಡ್ಡ ತ್ಯಾಗವನ್ನು ಯಾರಿಂದಲೂ ನಾನು ಕೇಳುತ್ತಿಲ್ಲ. ಮಗ ಅಥವಾ ಮಗಳು ತನ್ನಷ್ಟಕ್ಕೆ ಏನನ್ನೋ ಮಾಡುತ್ತಿರುವಾಗ ‘ಇದರಿಂದ ಏನು ಸಿಗುತ್ತದೆ’ ಎಂದು ಕೇಳುವ ಮೊದಲು, ಮೊಬೈಲು ಪಕ್ಕಕ್ಕಿಟ್ಟು, ಒಂದು ತಾಸು ಆ ಮಗುವಿನ ಹತ್ತಿರ ಕೂತು ನೋಡಿ. ಅದು ಏನು ಮಾಡುತ್ತಿದೆ ಎಂದು ಅದರಿಂದಲೇ ಹೇಳಿಸಿಕೊಳ್ಳಿ. ಮಂದಿಗೆ ಏನು ಹೇಳಬೇಕೆಂಬುದನ್ನು ಆಮೇಲೆ ಯೋಚಿಸಿದರಾಯಿತು.