ಕನ್ನಡ ಬಾರದವರಿಗೆ ಕನ್ನಡದ ಸೈಟು ವಿವರಿಸುವುದು

ಕೋಲ್ಕತ್ತಾದ ನಮ್ಮ ಕನ್ನಡ ಸಂಘಕ್ಕೆ ಹೊಸ ವೆಬ್‌ಸೈಟ್ ಮಾಡಿಸೋಣ ಅಂತ ತೀರ್ಮಾನವಾಗಿದೆ. ಬರುವ ಶನಿವಾರ ಇಬ್ಬರು ಡಿಸೈನರ್ ಹುಡುಗರು ಬರುತ್ತಾರೆ. ಇಬ್ಬರೂ ಬಂಗಾಳಿಗಳು, ಕನ್ನಡದ ಒಂದಕ್ಷರವೂ ಗೊತ್ತಿಲ್ಲ. ಅವರಿಗೆ ಏನೇನು ಹೇಳಬೇಕೆಂದು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬ್ಯಾಂಕಿನವನಲ್ಲವೇ, ನೋಟ್ ಬರೆಯೋದು ಚೆನ್ನಾಗಿ ಬರುತ್ತೆ ಅಂತ!

ಕಮಿಟಿಯಲ್ಲಿ ಎಲ್ಲರೂ ಬಣ್ಣದ ಬಗ್ಗೆಯೇ ಮಾತಾಡಿದರು. ಹಳದಿ-ಕೆಂಪು ಇರಬೇಕು, ಹಂಪಿಯ ಕಲ್ಲಿನ ರಥ ಇರಬೇಕು... ಇರಲಿ ಬಿಡಿ. ನಾನು ಮೊದಲು ಬರೆದದ್ದು, ಈ ಸೈಟನ್ನು ತೆರೆಯುವವರು ಯಾರು ಅಂತ. ಹೊಸದಾಗಿ ವರ್ಗವಾಗಿ ಬಂದು ಕನ್ನಡದವರನ್ನು ಹುಡುಕುವವರು. ಕನ್ನಡಕ ಹಾಕಿದರೂ ಸಣ್ಣಕ್ಷರ ಕಾಣದ ಹಿರಿಯರು. ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬಾರದ, ಇಲ್ಲೇ ಹುಟ್ಟಿದ ಮಕ್ಕಳು. ಹಾಗಾಗಿ ಸಂಘದ ಫೋನ್ ನಂಬರು, ಮುಂದಿನ ಕಾರ್ಯಕ್ರಮದ ತಾರೀಕು ಮೊದಲ ಪುಟದಲ್ಲೇ ಬೇಕು. ಅಕ್ಷರ ದಪ್ಪ ಇರಬೇಕು. ಮುಖ್ಯ ವಿಷಯ ಇಂಗ್ಲಿಷಿನಲ್ಲೂ ಇರಬೇಕು.

ಎರಡನೆಯದು ಲಿಪಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಬಂಗಾಳಿಯ 'ಜುಕ್ತಾಕ್ಖೊರ್' ಉದಾಹರಣೆ ಕೊಟ್ಟರೆ ಹುಡುಗರಿಗೆ ಅರ್ಥವಾದೀತು. ಅವರು ಜಾಗ ತುಂಬಲು ಹಾಕುವ ಲ್ಯಾಟಿನ್ ಡಮ್ಮಿ ಸಾಲುಗಳು ಇಲ್ಲಿ ಕೆಲಸಕ್ಕೆ ಬಾರವು. 'ಸ್ವಾತಂತ್ರ್ಯ', 'ರಾಷ್ಟ್ರೋತ್ಥಾನ', 'ಅರ್ಘ್ಯ' ಇರುವ ಒಂದು ಪುಟ ನಾನೇ ಟೈಪ್ ಮಾಡಿ ಕೊಡುತ್ತೇನೆ. ಅದು ಮೊಬೈಲಿನಲ್ಲಿ ಸರಿಯಾಗಿ ಕಂಡರೆ ಉಳಿದದ್ದೂ ಬಹುಮಟ್ಟಿಗೆ ಸರಿ.

ಮೂರನೆಯದು ಲೆಕ್ಕದ ಮಾತು. ಡೊಮೇನ್ ಹೆಸರು ಸಂಘದ ಹೆಸರಲ್ಲೇ ನೋಂದಣಿಯಾಗಬೇಕು, ಮಾಡಿಕೊಟ್ಟವರ ಹೆಸರಲ್ಲಿ ಅಲ್ಲ. ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಬೇಕು. ನವೀಕರಣದ ದಿನ ಖಜಾಂಚಿಯ ಡೈರಿಯಲ್ಲಿರಬೇಕು. ಸದಸ್ಯರ ಮನೆ ವಿಳಾಸ, ಮೊಬೈಲ್ ನಂಬರು ಸೈಟಿನಲ್ಲಿ ಬೇಡವೇ ಬೇಡ.

ಕಷ್ಟದ್ದು ಹಳೆಯ ಸ್ಮರಣ ಸಂಚಿಕೆಗಳು. ಅವು ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪಾದವು. ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಾಗೇ ತಂದು ಅಂಟಿಸಿದರೆ ಯಾರಿಗೂ ಓದಲಾಗದು, ಗೂಗಲಿಗೂ ಸಿಗದು. ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕೋಣ ಎಂದರು ಕೆಲವರು. ಓದಬಹುದು, ಆದರೆ ಒಳಗಿನ ಹೆಸರು ಹುಡುಕಿದರೆ ಸಿಗುವ ಭರವಸೆಯಿಲ್ಲ. ಯೂನಿಕೋಡಿಗೆ ಬದಲಾಯಿಸಿ, ಒಬ್ಬರು ಕೂತು ತಿದ್ದಲೇಬೇಕು. ಇದಕ್ಕೆ ಬಜೆಟ್ಟಿನಲ್ಲಿ ಬೇರೆ ಸಾಲು ಹಾಕಿದ್ದೇನೆ.

ಆ ಸಂಚಿಕೆಗಳಲ್ಲಿ ಬರೆದ ಹಲವರು ಈಗಿಲ್ಲ. ಅವರ ಕನ್ನಡ ಉಳಿದಿರುವುದು ಆ ಪುಟಗಳಲ್ಲಷ್ಟೇ. ನಾಳೆ ಯಾರದೋ ಮೊಮ್ಮಗಳು ಎಲ್ಲೋ ಕೂತು ಅಜ್ಜನ ಹೆಸರು ಟೈಪಿಸಿದರೆ ಆ ಲೇಖನ ಸಿಗಬೇಕು. ಹಂಪಿಯ ರಥ ಯಾವ ಮೂಲೆಯಲ್ಲಿದ್ದರೂ ನಡೆದೀತು.