ನಮ್ಮದು ಯಾವ ತಂಡ?

ಆಟದ ತಂಡವೊಂದರ ಚರಿತ್ರೆ ಬರೆಯುವವರು ಮೈಲಿಗಲ್ಲುಗಳನ್ನು ಎಣಿಸುತ್ತಾ ಹೋಗುತ್ತಾರೆ. ಹುಟ್ಟಿದ ವರ್ಷ, ಮೊದಲ ಕಪ್, ದೊಡ್ಡ ಸೋಲು, ಹೊಸ ಮಾಲೀಕ. ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳ ಕತೆ ಓದಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಲೇಕರ್ಸ್ ಎಂಬ ಹೆಸರಾಂತ ತಂಡ 1947ರಲ್ಲಿ ಮಿನಿಯಾಪೊಲಿಸ್ ಎಂಬ ಊರಿನಲ್ಲಿ ನೆಲೆಯೂರಿತು. ಅದು ಕೆರೆ ಸರೋವರಗಳ ಸೀಮೆ, ಹಾಗಾಗಿ ಈ ಹೆಸರು. 1960ರಲ್ಲಿ ತಂಡವನ್ನು ಲಾಸ್ ಏಂಜಲೀಸ್‌ಗೆ ಸಾಗಿಸಿದರು. ಆಟಗಾರರು ಹೋದರು, ಹೆಸರೂ ಹೋಯಿತು. ಕೆರೆಗಳು ಮಾತ್ರ ಅಲ್ಲೇ ಉಳಿದವು. ವೃತ್ತಿಪರ ತಂಡವೆಂದರೆ ಹಾಗೆಯೇ. ಅದಕ್ಕೆ ಯಜಮಾನನಿದ್ದಾನೆ, ಬೆಲೆಯಿದೆ, ಬೇಕಾದರೆ ಊರು ಬಿಟ್ಟು ಹೋಗಬಹುದು.

ನಮ್ಮ ಕೊಡಗಿನಲ್ಲಿ ಇದಕ್ಕೆ ತದ್ವಿರುದ್ಧವಾದ ತಂಡಗಳಿವೆ. ಅವುಗಳನ್ನು ಕೊಳ್ಳಲಾಗದು, ಮಾರಲಾಗದು, ಬೇರೆ ಊರಿಗೆ ಸಾಗಿಸಲಾಗದು. ಏಕೆಂದರೆ ತಂಡದ ಹೆಸರೇ ಮನೆಯ ಹೆಸರು. ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ, ಇಲ್ಲಿನವರ ಬಾಯಲ್ಲಿ ಹಾಕಿ ನಮ್ಮೆ, ಇಂಥ ತಂಡಗಳ ಜಾತ್ರೆ.

ಮೂರ್ನಾಡಿನ ನಾವು ಈ ಜಾತ್ರೆಯನ್ನು ದಾರಿಯ ಬದಿಯಲ್ಲಿ ನಿಂತು ನೋಡಿದವರು. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ರಸ್ತೆಯಲ್ಲಿ ನಮ್ಮ ಊರಿದೆ. ನಾಪೋಕ್ಲುವಿಗೆ ಹೋಗುವವರು ಇಲ್ಲೇ ತಿರುಗಬೇಕು. ಎಮ್ಮೆಮಾಡಿನ ಉರೂಸಿಗೆ ಜನ ಹೋಗುವುದೂ ಇದೇ ದಾರಿಯಲ್ಲಿ, ನಾಪೋಕ್ಲುವಿನಲ್ಲಿ ಹಾಕಿ ಇದ್ದ ವರ್ಷ ಸ್ಟಿಕ್ ಹಿಡಿದ ಹುಡುಗರು ಹೋಗುವುದೂ ಇದೇ ದಾರಿಯಲ್ಲಿ. ಕಾಫಿ ಹೂವಿನ ಮಳೆ ಬಿದ್ದು, ಶಾಲೆಗಳಿಗೆ ರಜೆ ಬಂದು, ಮುಂಗಾರು ಇನ್ನೂ ದೂರವಿರುವ ದಿನಗಳು ಅವು. ಬೆಂಗಳೂರು, ಮೈಸೂರುಗಳಲ್ಲಿ ಕೆಲಸದಲ್ಲಿರುವವರು, ಸೇನೆಯಲ್ಲಿರುವವರು ರಜೆ ಹಾಕಿ ಬರುತ್ತಾರೆ. ಬೀಗ ಹಾಕಿದ್ದ ಐನ್‌ಮನೆಗಳ ಬಾಗಿಲು ತೆರೆಯುತ್ತದೆ.

ಇದನ್ನು ಶುರು ಮಾಡಿದವರು ಪಾಂಡಂಡ ಕುಟ್ಟಪ್ಪ, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಚದುರಿಹೋಗುತ್ತಿದ್ದ ಒಕ್ಕಗಳನ್ನು ವರ್ಷಕ್ಕೊಮ್ಮೆಯಾದರೂ ಒಂದು ಮೈದಾನಕ್ಕೆ ತರಬೇಕೆಂಬುದು ಅವರ ಆಸೆ. 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆದಾಗ ಬಂದದ್ದು 60 ತಂಡಗಳು. ಆಮೇಲೆ ವರ್ಷಕ್ಕೊಂದು ಕುಟುಂಬ ಹೊಣೆ ಹೊತ್ತುಕೊಂಡಿತು, ಆ ಕುಟುಂಬದ ಹೆಸರಿನಲ್ಲೇ ಆ ವರ್ಷದ ಕಪ್. ಹೀಗೆ ಯಜಮಾನಿಕೆ ಮನೆಯಿಂದ ಮನೆಗೆ ದಾಟುತ್ತಾ ಬಂತು. 2023ರಲ್ಲಿ ಅಪ್ಪಚೆಟ್ಟೋಳಂಡ ಕಪ್‌ಗೆ 336 ತಂಡಗಳು. 2024ರಲ್ಲಿ ಕುಂಡ್ಯೋಳಂಡ ಕಪ್‌ಗೆ 360. ಗಿನ್ನೆಸ್ ದಾಖಲೆಯೂ ಆಯಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕಪ್ ನಡೆದಾಗ 396.

ಈ ಅಂಕಿಗಳಿಗಿಂತ ನಮಗೆ ಹೆಚ್ಚು ಇಷ್ಟವಾದದ್ದು ತಂಡ ಕಟ್ಟುವ ರೀತಿ. ಒಂದೇ ತಂಡದಲ್ಲಿ ದೇಶಕ್ಕಾಗಿ ಆಡಿದವನೂ ಇರಬಹುದು, ಸ್ಟಿಕ್ಕನ್ನು ಊರುಗೋಲಿನಂತೆ ಹಿಡಿದ ಅಜ್ಜನೂ ಇರಬಹುದು. ಗಂಡಸರ ಜೊತೆಗೇ ಹೆಂಗಸರು ಆಡುತ್ತಾರೆ. ಮದುವೆಯಾದ ಹೆಣ್ಣುಮಗಳು ತವರಿನ ತಂಡಕ್ಕಾದರೂ ಆಡಬಹುದು, ಗಂಡನ ಮನೆಯ ತಂಡಕ್ಕಾದರೂ ಆಡಬಹುದು. ಯಾವುದೆಂದು ಆರಿಸುವವಳು ಅವಳೇ. ನಮ್ಮ ಮನೆಗಳಲ್ಲಿ ಹೆಣ್ಣಿಗೆ ತವರು ಬೇಕೋ ಅತ್ತೆ ಮನೆ ಬೇಕೋ ಎಂದು ಯಾರೂ ಕೇಳಿದ್ದಿಲ್ಲ. ಯಾವ ಧರ್ಮದ ಮನೆಗಳಲ್ಲೂ ಅಷ್ಟು ಸುಲಭವಾಗಿ ಕೇಳುವುದಿಲ್ಲ. ಇಲ್ಲಿ ಆಟ ಆ ಪ್ರಶ್ನೆಯನ್ನು ಕೇಳಿತು.

ಮೈಲಿಗಲ್ಲುಗಳ ನಡುವೆ ಕಲ್ಲಿಲ್ಲದ ಜಾಗವೂ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿ ಬಂದವು. ಮನೆ ತೋಟ ಎರಡನ್ನೂ ಕಳೆದುಕೊಂಡವರು ಪರಿಹಾರ ಕೇಂದ್ರಗಳಲ್ಲಿ ಸಾಲಾಗಿ ಮಲಗಿದರು. ಅಲ್ಲಿ ಅನ್ನ ಬಡಿಸಿದವರು, ಉಂಡವರು, ಯಾರೂ ಜಾತಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮರುವರ್ಷ ಹಾಕಿ ನಡೆಯಲಿಲ್ಲ. ಅದರ ಹಿಂದೆಯೇ ಕೊರೋನಾ ಬಂತು, ಇನ್ನೂ ಮೂರು ವರ್ಷ ನಡೆಯಲಿಲ್ಲ. 2020ರಲ್ಲಿ ಕುಟ್ಟಪ್ಪನವರು ತೀರಿಕೊಂಡರು. 2023ರಲ್ಲಿ ಮತ್ತೆ ಆಟ ಶುರುವಾದಾಗ ನೋಡಲು ಹೋದ ನಮಗೆ ಅನ್ನಿಸಿದ್ದು, ಗೆಲುವಿನ ಪಟ್ಟಿಯಷ್ಟೇ ಈ ನಾಲ್ಕು ಖಾಲಿ ವರ್ಷಗಳೂ ಚರಿತ್ರೆಯ ಭಾಗವೆಂದು. ತಂಡಗಳು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿದ್ದವು.

ಆ ವರ್ಷ ಗ್ಯಾಲರಿಯಲ್ಲಿ ಕುಳಿತಿದ್ದಾಗ ನಮ್ಮ ಚಿಕ್ಕ ಮಗಳು ಕೇಳಿದಳು, "ಅಬ್ಬಾ, ಹಮಾರಿ ಟೀಮ್ ಕೌನ್‌ಸಿ?" ಅವಳ ಗೆಳತಿಗೆ ಕೂಗಲು ಒಂದು ಹೆಸರಿತ್ತು. ನಮ್ಮ ಮಗಳಿಗೆ ಇರಲಿಲ್ಲ. ನಮ್ಮ ಮನೆಯಲ್ಲಿ ದಖನಿ ಮಾತು. ಹೆಸರಿನ ಹಿಂದೆ ಅಪ್ಪನ ಹೆಸರಿನ ಒಂದಕ್ಷರ, ಅಷ್ಟೇ. ಖಾನ್‌ದಾನ್ ಎಂಬ ಪದ ಉರ್ದು ಶಾಲೆಯ ಪುಸ್ತಕದಲ್ಲಿತ್ತು. ಅದನ್ನು ಜೆರ್ಸಿಯ ಬೆನ್ನ ಮೇಲೆ ಬರೆಸುವಂಥ ಹೆಸರು ನಮಗೆ ಯಾರೂ ಕೊಟ್ಟಿರಲಿಲ್ಲ.

ಎಲ್ಲ ಮುಸಲ್ಮಾನರ ಕತೆ ಇದಲ್ಲ. ಕೊಡವ ಮಾಪಿಳ್ಳೆಗಳಿಗೆ ಮನೆತನದ ಹೆಸರುಗಳಿವೆ; ಆಲೀರ, ಚಿಮ್ಮಿಚೀರ, ದುದ್ದಿಯಂಡ ಎಂಬ ಹೆಸರು ಕೇಳಿದರೆ ಹೊರಗಿನವರಿಗೆ ಮತ ಯಾವುದೆಂದು ತಿಳಿಯದು. ಕೊಡವ ಮುಸ್ಲಿಂ ಕುಟುಂಬಗಳು ತಮ್ಮಲ್ಲೇ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತವೆ. ಗೌಡ ಕುಟುಂಬಗಳ ಕ್ರಿಕೆಟ್ ಬೇರೆ ನಡೆಯುತ್ತದೆ. ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು. ಇದರಲ್ಲಿ ಒಳ್ಳೆಯದಿದೆ. ಊರು ಬಿಟ್ಟವರು ಊರಿಗೆ ಬರುತ್ತಾರೆ, ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ತಂಡದಲ್ಲಿ ನಿಲ್ಲುತ್ತಾರೆ. ಆದರೆ ಪ್ರತಿಯೊಬ್ಬರಿಗೂ ಅವರವರ ಕಪ್, ಅವರವರ ವಾರ ಎಂದಾದಾಗ ಪಕ್ಕದ ಮನೆಯವನ ಜೊತೆ ಆಡುವುದು ಯಾವಾಗ? ಗುತ್ತಿಗೆ ಕೆಲಸಕ್ಕೆ ಬಂದು ಇಲ್ಲೇ ನಿಂತವನ ಮಗ, ಲೈನ್‌ಮನೆಯ ಯರವ ಹುಡುಗ, ಇವರನ್ನು ಯಾವ ಕುಟುಂಬದ ಪಟ್ಟಿಯಲ್ಲಿ ಬರೆಯುವುದು? ನಮ್ಮ ಬಾಲ್ಯದಲ್ಲಿ ಮೂರ್ನಾಡಿನಲ್ಲಿ ತಂಡ ಕಟ್ಟುತ್ತಿದ್ದ ವಿಧಾನ ಒಂದೇ: ರಸ್ತೆಯ ಆ ಬದಿಯವರು, ಈ ಬದಿಯವರು. ಜನ ಸಾಲದಿದ್ದರೆ ಆ ಬದಿಯಿಂದ ಒಬ್ಬನನ್ನು ಸಾಲ ತರುತ್ತಿದ್ದೆವು.

ಕೊಡಗಿನ ಹಾಕಿಯೇ ಹಾಗೆ ಬೆಳೆದದ್ದು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಸೋಮವಾರಪೇಟೆಯ ಬಿ.ಪಿ. ಗೋವಿಂದ ಇದ್ದರು. ಅದೇ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಮಲೇಷ್ಯಾ ವಿರುದ್ಧ ಸೋಲು ಕಣ್ಣೆದುರಿಗೆ ಬಂದಾಗ ಭೋಪಾಲದ ಅಸ್ಲಂ ಶೇರ್ ಖಾನ್ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದು ಉಳಿಸಿದರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ವಿರುದ್ಧ 4-3ರಿಂದ ಚಿನ್ನ ಗೆದ್ದಾಗ ಮಣೆಯಪಂಡ ಸೋಮಯ್ಯ, ಬನಾರಸಿನ ಮೊಹಮ್ಮದ್ ಶಾಹಿದ್, ಜಫರ್ ಇಕ್ಬಾಲ್ ಒಂದೇ ಬಣ್ಣದ ಅಂಗಿ ತೊಟ್ಟಿದ್ದರು. ಸೋಮವಾರಪೇಟೆಯ ಇನ್ನೊಬ್ಬ ಹುಡುಗ ಎಸ್.ವಿ. ಸುನಿಲ್ 2014ರಲ್ಲಿ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿ ಓಡಿದ. ಇವರೆಲ್ಲರ ಹಿಂದೆ ಒಂದೊಂದು ಮನೆಯಿತ್ತು, ಆದರೆ ಪಾಸ್ ಕೊಟ್ಟದ್ದು ಬೇರೆ ಮನೆಯವನಿಗೆ.

ಮೈದಾನದಲ್ಲಿ ಪಾಸ್ ಕೊಟ್ಟ ಮಾತ್ರಕ್ಕೆ ಊರು ಒಂದಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಬಾಸ್ಟನ್ ಸೆಲ್ಟಿಕ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ 1950ರಲ್ಲಿ ಚಕ್ ಕೂಪರ್ ಎಂಬ ಕರಿಯ ಆಟಗಾರನನ್ನು ಆರಿಸಿಕೊಂಡಿತು. ಆ ಲೀಗ್‌ನಲ್ಲಿ ಅದೇ ಮೊದಲು. 1964ರಲ್ಲಿ ಐವರು ಕರಿಯರನ್ನೇ ಆಟದ ಆರಂಭಕ್ಕೆ ಇಳಿಸಿತು. 1966ರಲ್ಲಿ ಬಿಲ್ ರಸೆಲ್‌ರನ್ನು ಕೋಚ್ ಮಾಡಿತು. ಆ ತಂಡಕ್ಕೆ 13 ವರ್ಷಗಳಲ್ಲಿ 11 ಬಾರಿ ಚಾಂಪಿಯನ್ ಪಟ್ಟ ಗಳಿಸಿಕೊಟ್ಟ ಆ ರಸೆಲ್‌ರ ಮನೆಗೇ ನುಗ್ಗಿ ಗೋಡೆಗಳ ಮೇಲೆ ಹೊಲಸು ಬರೆದವರಿದ್ದರು. ತಂಡ ಅವರನ್ನು ತನ್ನವರೆಂದಿತು, ಊರು ಇನ್ನೂ ಅನ್ನಬೇಕಾಗಿತ್ತು. ಆದರೂ ತಂಡ ಮೊದಲು ಅಂದದ್ದಕ್ಕೆ ಬೆಲೆಯಿದೆ. ಅದು ಅನ್ನದೆ ಹೋಗಿದ್ದರೆ ಊರಿಗೆ ನಾಚಿಕೆಯಾಗಲು ಕಾರಣವೇ ಇರುತ್ತಿರಲಿಲ್ಲ.

ಹಾಕಿ ನಮ್ಮೆ ಕೊಡವ ಕುಟುಂಬಗಳದ್ದು, ಅದು ಹಾಗೆಯೇ ಇರಲಿ. ಅವರ ಮನೆಯ ಹಬ್ಬದಲ್ಲಿ ನಮಗೂ ಎಲೆ ಹಾಕಿ ಎಂದು ಕೇಳುವುದು ಸಲ್ಲದು. ನೋಡಲು ಹೋದ ನಮ್ಮನ್ನು ಅಲ್ಲಿ ಯಾರೂ ಹೊರಗಿನವರೆಂದು ನೋಡಿಲ್ಲ. ನಮ್ಮ ಆಸೆ ಇಷ್ಟೇ: ಎಲ್ಲ ಕುಟುಂಬಗಳ ಕಪ್‌ಗಳೂ ಮುಗಿದ ಮೇಲೆ, ಮಳೆ ಹಿಡಿಯುವ ಮುಂಚೆ, ಮೈದಾನ ಕೆಲವು ದಿನ ಖಾಲಿ ಇರುತ್ತದೆ. ಆಗ ಊರೂರ ಹೆಸರಿನಲ್ಲಿ ತಂಡ ಕಟ್ಟಬಹುದು. ಅದಕ್ಕೆ ಸೇರಲು ಮನೆತನ ಬೇಡ, ಪಡಿತರ ಚೀಟಿಯಲ್ಲಿರುವ ವಿಳಾಸ ಸಾಕು.

ಮಗಳಿಗೆ ಆ ದಿನ ನಾವು ಹೇಳಿದ್ದು, ಯಾರು ಚೆನ್ನಾಗಿ ಆಡುತ್ತಾರೋ ಅವರಿಗೆ ಚಪ್ಪಾಳೆ ಹೊಡೆ ಎಂದು. ಅವಳಿಗೆ ಅದು ಸಾಲಲಿಲ್ಲ. ಈಗ ಅವಳು ಶಾಲೆಯ ತಂಡದಲ್ಲಿ ಹಾಫ್‌ಬ್ಯಾಕ್. ಬೆನ್ನ ಮೇಲೆ ಶಾಲೆಯ ಹೆಸರಿದೆ, ಅದರ ಕೆಳಗೆ ಮೂರ್ನಾಡು ಎಂದಿದೆ. ಅಂಗಿ ಒಗೆದು ಒಣಹಾಕುವಾಗ ಆ ಅಕ್ಷರಗಳು ರಸ್ತೆಗೆ ಕಾಣುವಂತೆ ತಿರುಗಿಸಿ ಹಾಕುತ್ತಾಳೆ.